ರಾಗಿಯಲ್ಲಿ ಅಳೆದ ಷೇರುಪೇಟೆ

ಬಿಡದಿ ಹೋಬಳಿಯ ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಮುತ್ತಲಿನ ರೈತರು ಉಪನಗರ ಯೋಜನೆಯ ಭೂಸ್ವಾಧೀನವನ್ನು ವಿರೋಧಿಸಿ 2025ರಲ್ಲಿ ಧರಣಿ ಕುಳಿತರು. ಭೂಮಿ ಕೊಡುವುದೇ ಇಲ್ಲ ಎಂದವರ ದನಿಯ ನಡುವೆಯೂ ಊರೂರಿನ ಜಗಲಿಗಳಲ್ಲಿ ಹೆಚ್ಚು ಚರ್ಚೆಯಾದದ್ದು ಎಕರೆಗೆ ಎಷ್ಟು ಹಣ ಎಂಬ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಸರ್ಕಾರದ ಕಡೆಯಿಂದಲೂ ಬರಲಿಲ್ಲ, ಹೋರಾಟದ ಕಡೆಯಿಂದಲೂ ಅಷ್ಟಾಗಿ ಕೇಳಿಬರಲಿಲ್ಲ. ಇಂದು ಕೈಗೆ ಬರುವ ಹಣ ಇಪ್ಪತ್ತು ವರ್ಷಗಳ ನಂತರ ಏನನ್ನು ಕೊಳ್ಳಬಲ್ಲದು? ಭೂಮಿ ಕಳೆದುಕೊಂಡ ಕುಟುಂಬದ ಮುಂದಿನ ತಲೆಮಾರು ಬದುಕುವುದು ಪರಿಹಾರದ ಅಂಕಿಯಿಂದಲ್ಲ, ಆ ಅಂಕಿಗಿರುವ ಕೊಳ್ಳುವ ಶಕ್ತಿಯಿಂದ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾಗಿ ರೂಪುಗೊಂಡವು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಂಪುಟ ನಿರ್ಧರಿಸಿತು. ಹೆಸರು ಬದಲಾಗುವುದಕ್ಕೆ ಬಹಳ ಮೊದಲೇ ಬೆಂಗಳೂರು ಇಲ್ಲಿಗೆ ಬಂದಾಗಿತ್ತು. ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ, ಮಾಗಡಿ ಮತ್ತು ಕನಕಪುರ ರಸ್ತೆಗಳ ಎರಡೂ ಬದಿಗಳಲ್ಲಿ ಎದ್ದ ಬಡಾವಣೆಗಳು, ಇವೆಲ್ಲವೂ ಹೊಲವನ್ನು ಹಣವಾಗಿಸಿವೆ. ಹೀಗೆ ಒಮ್ಮೆಲೇ ದೊಡ್ಡ ಮೊತ್ತ ಕಂಡ ಕುಟುಂಬಗಳೂ, ರೈಲು ಹಿಡಿದು ದಿನವೂ ಬೆಂಗಳೂರಿಗೆ ಹೋಗಿಬರುವ ನೌಕರರೂ, ನಿವೃತ್ತ ಶಿಕ್ಷಕರೂ ಇಂದು ಒಂದೇ ಸಲಹೆಯನ್ನು ಕೇಳುತ್ತಿದ್ದಾರೆ: ಬ್ಯಾಂಕಿನಲ್ಲಿಟ್ಟರೆ ಹಣ ಕರಗುತ್ತದೆ, ಷೇರುಪೇಟೆಗೆ ಹಾಕಿ, ದೀರ್ಘಕಾಲ ಕಾಯಿರಿ. ಈ ಸಲಹೆಯ ಮೊದಲರ್ಧ ಸಂಪೂರ್ಣ ನಿಜ. ಉಳಿದರ್ಧವನ್ನು ಪರೀಕ್ಷಿಸಿಯೇ ಸ್ವೀಕರಿಸಬೇಕು ಎಂಬುದು ನನ್ನ ವಾದ.

ಮೊದಲು ಬ್ಯಾಂಕಿನ ಠೇವಣಿಯನ್ನೇ ನೋಡೋಣ. ಹತ್ತು ಲಕ್ಷ ರೂಪಾಯಿ ಇಟ್ಟು, ಬಂದ ಬಡ್ಡಿಯನ್ನು ತಿಂಗಳು ತಿಂಗಳೂ ಸಂಸಾರಕ್ಕೆ ಬಳಸುವ ಕುಟುಂಬವನ್ನು ಊಹಿಸಿಕೊಳ್ಳಿ. ಅಸಲು ಹಾಗೆಯೇ ಇದೆ ಎಂಬ ಸಮಾಧಾನ ಅವರಿಗಿರುತ್ತದೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಪ್ಪತ್ತು ವರ್ಷಗಳಲ್ಲಿ ಅವು 3.2 ಪಟ್ಟಾಗುತ್ತವೆ. ಪಾಸ್‌ಬುಕ್ಕಿನಲ್ಲಿ ಹತ್ತು ಲಕ್ಷ ಎಂದೇ ಬರೆದಿರುತ್ತದೆ, ಆದರೆ ಅದು ಕೊಳ್ಳುವುದು ಇಂದಿನ ಮೂರು ಲಕ್ಷದ ಸರಕನ್ನು. ಬಡ್ಡಿಯೂ ಅದೇ ಪ್ರಮಾಣದಲ್ಲಿ ಸೊರಗಿರುತ್ತದೆ. ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಕಾನೂನಿನ ಮೂಲಕ ವಹಿಸಿದ ಹೊಣೆ ಹಣದುಬ್ಬರವನ್ನು ಶೇ 4ರ ಸುತ್ತ, ಮೇಲೆ ಕೆಳಗೆ ಎರಡು ಅಂಶಗಳ ಅಂತರದೊಳಗೆ ಹಿಡಿದಿಡುವುದು. ಆ ಗುರಿ ಅಕ್ಷರಶಃ ಈಡೇರಿದರೂ ಇಪ್ಪತ್ತು ವರ್ಷಗಳಲ್ಲಿ ಹತ್ತು ಲಕ್ಷದ ಬೆಲೆ ನಾಲ್ಕೂವರೆ ಲಕ್ಷಕ್ಕೆ ಇಳಿಯುತ್ತದೆ. ಹಣದುಬ್ಬರ ಹತೋಟಿಯಲ್ಲಿದೆ ಎಂಬ ಸರ್ಕಾರಿ ಮಾತಿನ ಅರ್ಥ ಹಣ ಕರಗುವುದು ನಿಂತಿದೆ ಎಂದಲ್ಲ, ನಿಧಾನವಾಗಿ ಕರಗುತ್ತಿದೆ ಎಂದು ಮಾತ್ರ.

ಬಡ್ಡಿಯನ್ನು ಮುಟ್ಟದೆ ಬೆಳೆಯಲು ಬಿಟ್ಟರೆ? ಶೇ 7ರ ಬಡ್ಡಿ, ಶೇ 6ರ ಹಣದುಬ್ಬರ ಎಂದಿಟ್ಟುಕೊಂಡರೆ ಇಪ್ಪತ್ತು ವರ್ಷಗಳ ನಂತರ ಹತ್ತು ಲಕ್ಷ ಮೂವತ್ತೆಂಟೂವರೆ ಲಕ್ಷವಾಗುತ್ತದೆ. ಇಂದಿನ ಬೆಲೆಯಲ್ಲಿ ಅದು ಹನ್ನೆರಡು ಲಕ್ಷ. ತೆರಿಗೆಯ ಮಿತಿಯೊಳಗಿರುವವರಿಗೆ ಇಷ್ಟು. ಶೇ 30ರ ತೆರಿಗೆ ಹಂತದಲ್ಲಿರುವ ಸಂಬಳದಾರರಿಗಾದರೋ ಅದು ಎಂಟು ಲಕ್ಷಕ್ಕೆ ಇಳಿಯುತ್ತದೆ. ಅಂದರೆ ಇಪ್ಪತ್ತು ವರ್ಷ ಕಾದದ್ದಕ್ಕೆ ಐದನೇ ಒಂದು ಭಾಗದ ನಷ್ಟ. 2020–21ರಲ್ಲಿ ಗ್ರಾಹಕ ಬೆಲೆ ಏರಿಕೆ ಸರಾಸರಿ ಶೇ 6ನ್ನು ಮೀರಿದ್ದಾಗ ದೊಡ್ಡ ಬ್ಯಾಂಕುಗಳ ಠೇವಣಿ ಬಡ್ಡಿ ಶೇ 5ರ ಆಸುಪಾಸಿನಲ್ಲಿತ್ತು. ತೆರಿಗೆ ಕಳೆಯುವ ಮೊದಲೇ ಠೇವಣಿದಾರ ನಷ್ಟದಲ್ಲಿದ್ದ.

ಆದ್ದರಿಂದಲೇ ಷೇರುಪೇಟೆಯ ಸಲಹೆಗೆ ಬಲ ಬಂದಿದೆ. ಮ್ಯೂಚುವಲ್ ಫಂಡುಗಳ ಪ್ರತಿನಿಧಿಗಳು ಸಾಮಾನ್ಯವಾಗಿ ತೋರಿಸುವ ಕೋಷ್ಟಕ ವರ್ಷಕ್ಕೆ ಶೇ 12ರ ಪ್ರತಿಫಲದ್ದು. ಆ ಪ್ರಕಾರ ಹತ್ತು ಲಕ್ಷ ಇಪ್ಪತ್ತು ವರ್ಷಗಳಲ್ಲಿ 96 ಲಕ್ಷವಾಗುತ್ತದೆ. ಕೋಟಿಯ ಹತ್ತಿರದ ಅಂಕಿ ಕಣ್ಣಿಗೆ ಹಬ್ಬ. ಆ ಅಂಕಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ ನೋಡಬೇಕು. ಶೇ 6ರ ಹಣದುಬ್ಬರ ಕಳೆದರೆ 96 ಲಕ್ಷವು ಇಂದಿನ 30 ಲಕ್ಷ. ನಿಧಿಯನ್ನು ನಿರ್ವಹಿಸುವ ವೆಚ್ಚಕ್ಕೆ ವರ್ಷಕ್ಕೆ ಒಂದೂವರೆ ಅಂಶ ಹೋಯಿತೆನ್ನಿ, ಆಗ 23 ಲಕ್ಷ. ಕೊನೆಯಲ್ಲಿ ಒಂದೇ ಬಾರಿಗೆ ಹಣ ತೆಗೆದು, 2024ರ ಜುಲೈನಿಂದ ಜಾರಿಗೆ ಬಂದ ಶೇ 12.5ರ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ ಕಟ್ಟಿದರೆ ಕೈಯಲ್ಲಿ ಉಳಿಯುವುದು ಇಂದಿನ ಬೆಲೆಯ ಇಪ್ಪತ್ತೂವರೆ ಲಕ್ಷ. ಇಪ್ಪತ್ತು ವರ್ಷಕ್ಕೆ ಎರಡು ಪಟ್ಟು. ಇದು ಕಡಿಮೆಯೇನಲ್ಲ, ಠೇವಣಿಗಿಂತ ಖಂಡಿತವಾಗಿಯೂ ಮೇಲು. ಆದರೆ ಹತ್ತು ಲಕ್ಷ ಇಪ್ಪತ್ತು ಲಕ್ಷವಾಗುತ್ತದೆ ಎಂಬ ಭರವಸೆಯನ್ನು ನಂಬಿ ಮಗಳ ಓದನ್ನೂ ತಮ್ಮ ಮುಪ್ಪನ್ನೂ ಯೋಜಿಸುವ ಕುಟುಂಬಕ್ಕೂ, 96 ಲಕ್ಷದ ಕನಸು ಕಂಡು ಯೋಜಿಸುವ ಕುಟುಂಬಕ್ಕೂ ಇರುವ ಅಂತರ ಅಗಾಧ.

ಇದು ಕಾಗದದ ಮೇಲಿನ ಲೆಕ್ಕವಾಯಿತು. ಚರಿತ್ರೆ ಏನು ಹೇಳುತ್ತದೆ? 1978–79ನ್ನು 100 ಎಂದು ಹಿಡಿದು ಆರಂಭವಾದ ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ 2004ರ ಮಾರ್ಚ್ ಕೊನೆಯಲ್ಲಿ 5,591ರಲ್ಲಿತ್ತು. 2024ರ ಮಾರ್ಚ್ ಕೊನೆಗೆ ಅದು 73,651. ಹದಿಮೂರು ಪಟ್ಟು. ಇದೇ ಅವಧಿಯಲ್ಲಿ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಹಳೆಯ ಮತ್ತು ಹೊಸ ಸರಣಿಗಳನ್ನು ಜೋಡಿಸಿ ನೋಡಿದರೆ ಬೆಲೆಗಳು ಸುಮಾರು 3.7 ಪಟ್ಟಾಗಿವೆ. ಹಾಗಾಗಿ ಹದಿಮೂರು ಪಟ್ಟಿನಲ್ಲಿ ನಿಜವಾದ ಬೆಳವಣಿಗೆ ಸುಮಾರು ಮೂರೂವರೆ ಪಟ್ಟು, ಅಂದರೆ ವರ್ಷಕ್ಕೆ ಶೇ 6.6ರಷ್ಟು. ಸೆನ್ಸೆಕ್ಸ್‌ನಲ್ಲಿ ಲಾಭಾಂಶ ಸೇರಿರುವುದಿಲ್ಲ. ಅದನ್ನು ಕೂಡಿಸಿದರೆ ವರ್ಷಕ್ಕೆ ಒಂದರಿಂದ ಎರಡು ಅಂಶ ಹೆಚ್ಚುತ್ತದೆ. ಜಗತ್ತಿನ ಯಾವುದೇ ಮಾರುಕಟ್ಟೆಯ ಮಟ್ಟಿಗೆ ಇದು ಉತ್ತಮ ದಾಖಲೆ.

ಆದರೆ ಅದೇ ಹೂಡಿಕೆದಾರ ನಾಲ್ಕು ವರ್ಷ ತಡವಾಗಿ, 2008ರ ಜನವರಿಯ ಉತ್ತುಂಗದಲ್ಲಿ ಪೇಟೆಗೆ ಕಾಲಿಟ್ಟಿದ್ದರೆ? ಅಂದು ಸೆನ್ಸೆಕ್ಸ್ 20,873. ಮರುವರ್ಷದ ಮಾರ್ಚ್‌ನಲ್ಲಿ 8,160. 2010ರ ನವೆಂಬರ್‌ನ ಕೆಲವೇ ದಿನಗಳನ್ನು ಬಿಟ್ಟರೆ, ಹಳೆಯ ಮಟ್ಟವನ್ನು ಅದು ಮತ್ತೆ ದಾಟಿದ್ದು 2013ರ ಅಕ್ಟೋಬರ್ ಕೊನೆಗೆ. ಸುಮಾರು ಆರು ವರ್ಷ ಕಾದ ನಂತರ ಹಾಕಿದ ಹಣ ಹಾಕಿದಷ್ಟೇ ಆಗಿ ಮರಳಿತು ಎಂದು ಪತ್ರಿಕೆಗಳು ಬರೆದವು. ಆ ಆರು ವರ್ಷಗಳಲ್ಲಿ ಗ್ರಾಹಕ ಬೆಲೆಗಳು ಶೇ 80ರಷ್ಟು ಏರಿದ್ದವು. ಮರಳಿ ಬಂದ ನೂರು ರೂಪಾಯಿ ಕೊಳ್ಳುತ್ತಿದ್ದುದು ಹಳೆಯ 55 ರೂಪಾಯಿಯ ಸರಕನ್ನು. 2024ರ ಮಾರ್ಚ್‌ವರೆಗೂ, ಅಂದರೆ ಹದಿನಾರು ವರ್ಷ, ಅಲುಗಾಡದೆ ಕುಳಿತವನ ಹಣ ಮೂರೂವರೆ ಪಟ್ಟಾಯಿತು, ಬೆಲೆಗಳು ಮೂರು ಪಟ್ಟಾದವು. ಲಾಭಾಂಶವನ್ನು ಬದಿಗಿಟ್ಟರೆ ಹದಿನಾರು ವರ್ಷಗಳ ನಿಜವಾದ ಗಳಿಕೆ ಶೇ 18 ಮಾತ್ರ. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಪೇಟೆಗೆ ಬಂದ ಇಬ್ಬರ ಪಾಡು ಇಷ್ಟು ಭಿನ್ನ.

ಅದಕ್ಕೂ ಹಿಂದಿನ ಉದಾಹರಣೆ ಇನ್ನೂ ಕಟುವಾದದ್ದು. ಹರ್ಷದ್ ಮೆಹ್ತಾ ಹಗರಣದ ಹೊತ್ತಿನಲ್ಲಿ, 1992ರ ಏಪ್ರಿಲ್‌ನಲ್ಲಿ, ಸೆನ್ಸೆಕ್ಸ್ 4,467ಕ್ಕೆ ಏರಿತ್ತು. ಹನ್ನೊಂದು ವರ್ಷಗಳ ಬಳಿಕ, 2003ರ ಏಪ್ರಿಲ್‌ನಲ್ಲಿ, ಅದು 2,924. ಮೂರನೇ ಒಂದು ಭಾಗ ನಷ್ಟವಾಯಿತು ಎಂದು ಕಾಣುತ್ತದೆ. ಈ ನಡುವೆ ಬೆಲೆಗಳು ಎರಡು ಪಟ್ಟಿಗೂ ಹೆಚ್ಚಾಗಿದ್ದವು. ಲಾಭಾಂಶವನ್ನು ಬಿಟ್ಟು ನೋಡಿದರೆ ಸೂಚ್ಯಂಕದ ನಿಜವಾದ ಬೆಲೆಯಲ್ಲಿ ಉಳಿದದ್ದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಮೆರಿಕವೂ ಇದಕ್ಕೆ ಹೊರತಲ್ಲ. ಅಲ್ಲಿನ ಡೌ ಜೋನ್ಸ್ ಸೂಚ್ಯಂಕ 1966ರ ಆರಂಭದಲ್ಲಿ ಸಾವಿರದ ಅಂಚಿನಲ್ಲಿತ್ತು. 1982ರ ಕೊನೆಯಲ್ಲಿಯೂ ಸಾವಿರದ ಸುತ್ತಲೇ ಇತ್ತು. ಆ ಹದಿನಾರು ವರ್ಷಗಳಲ್ಲಿ ಅಮೆರಿಕದ ಬೆಲೆಗಳು ಸುಮಾರು ಮೂರು ಪಟ್ಟಾಗಿದ್ದವು. ಷೇರುಗಳು ಹಣದುಬ್ಬರದ ವಿರುದ್ಧ ತಾನೇ ತಾನಾಗಿ ಗುರಾಣಿಯಾಗುತ್ತವೆ ಎಂಬ ನಂಬಿಕೆ ಅಲ್ಲಿ ಕುಸಿದದ್ದು ಆಗಲೇ. ಹೂಡಿಕೆದಾರ ವಾರೆನ್ ಬಫೆಟ್ 1977ರಲ್ಲಿ ಒಂದು ಲೇಖನ ಬರೆದು, ಹಣದುಬ್ಬರ ಏರಿದರೂ ಕಂಪನಿಗಳ ಬಂಡವಾಳದ ಮೇಲಿನ ಗಳಿಕೆಯ ದರ ಅದರೊಡನೆ ಏರುವುದಿಲ್ಲ ಎಂದು ವಾದಿಸಿದ್ದರು.

ಯಾಕೆ ಹೀಗಾಗುತ್ತದೆ? ಇದನ್ನು ತಿಳಿಯಲು ದಲಾಲ್ ಸ್ಟ್ರೀಟಿನವರೆಗೆ ಹೋಗಬೇಕಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಚನ್ನಪಟ್ಟಣದ ಗೊಂಬೆಯ ಕಾರ್ಖಾನೆಗಳಿವೆ. ಗೂಡು ಬೆಳೆಯುವ ರೈತನ ಖರ್ಚೆಲ್ಲ ಹಣದುಬ್ಬರದ ಜೊತೆಗೆ ಏರುತ್ತದೆ. ಗೊಬ್ಬರ, ಕೂಲಿ, ಮೊಟ್ಟೆ, ಸಾಗಣೆ ಯಾವುದೂ ಕಾಯುವುದಿಲ್ಲ. ಆದರೆ ಗೂಡಿನ ಬೆಲೆ ನಿರ್ಧಾರವಾಗುವುದು ಅಂದಿನ ಹರಾಜಿನಲ್ಲಿ. ಕೇಂದ್ರ ಸರ್ಕಾರ 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ದೇಶದಲ್ಲಿ ಹಣದುಬ್ಬರ ಬಿರುಸಾಗಿಯೇ ಇತ್ತು, ಗೂಡಿನ ಬೆಲೆ ಮಾತ್ರ ಕುಸಿಯಿತು. ಬೆಲೆ ಏರಿಕೆಯ ಕಾಲದಲ್ಲಿ ಎಲ್ಲರ ಮಾಲಿನ ಬೆಲೆಯೂ ಏರುತ್ತದೆ ಎಂಬುದು ತಪ್ಪು ಗ್ರಹಿಕೆ ಎಂದು ಈ ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ.

ಚನ್ನಪಟ್ಟಣದ ಕುಶಲಕರ್ಮಿಯ ಕಥೆಯೂ ಇದೇ. ಹಾಲೆ ಮರ, ಅರಗು, ವಿದ್ಯುತ್ತು ಎಲ್ಲವೂ ತುಟ್ಟಿಯಾದಾಗ ಬೊಂಬೆಯ ಬೆಲೆಯನ್ನು ಅಷ್ಟೇ ಏರಿಸಲು ಆತನಿಗೆ ಸಾಧ್ಯವಿಲ್ಲ. ಪಕ್ಕದಲ್ಲೇ ಅಗ್ಗದ ಪ್ಲಾಸ್ಟಿಕ್ ಆಟಿಕೆ ಕುಳಿತಿರುತ್ತದೆ. ಹೊಸ ಹೆದ್ದಾರಿ ಊರಿನ ಹೊರಗೆ ಹಾದುಹೋದ ಮೇಲೆ ದಾರಿಹೋಕ ಗಿರಾಕಿಯೂ ಕಡಿಮೆ. ಭೌಗೋಳಿಕ ಸೂಚಿಯ ಮಾನ್ಯತೆ ಗೌರವ ತಂದಿತು, ಬೆಲೆ ನಿಗದಿಯ ಶಕ್ತಿಯನ್ನು ತರಲಿಲ್ಲ. ಇದಕ್ಕೆ ಪ್ರತಿಯಾಗಿ ಬಿಡದಿಯಲ್ಲಿ ಘಟಕ ಹೊಂದಿರುವ ಬ್ರಿಟಾನಿಯಾದಂತಹ ಬಿಸ್ಕತ್ತು ಕಂಪನಿಯನ್ನು ನೋಡಿ. ಗೋಧಿ, ಸಕ್ಕರೆ ತುಟ್ಟಿಯಾದರೆ ಅದು ಬೆಲೆ ಏರಿಸುತ್ತದೆ, ಇಲ್ಲವೇ ಐದು ರೂಪಾಯಿಯ ಪೊಟ್ಟಣದಲ್ಲಿ ಬಿಸ್ಕತ್ತಿನ ತೂಕವನ್ನು ಇಳಿಸುತ್ತದೆ. ಗಿರಾಕಿ ಗೊಣಗುತ್ತಾನೆ, ಆದರೆ ಕೊಳ್ಳುತ್ತಾನೆ. ಹಣದುಬ್ಬರದ ಕಾಲದಲ್ಲಿ ಷೇರುದಾರನ ಹಣ ಉಳಿಯುವುದು ಇಂತಹ ಕಂಪನಿಗಳಲ್ಲಿ. ಬೆಲೆ ಏರಿಸುವ ಶಕ್ತಿಯಿಲ್ಲದ, ಯಂತ್ರಗಳನ್ನು ಪದೇ ಪದೇ ಬದಲಿಸಬೇಕಾದ ಕಂಪನಿಗಳಲ್ಲಿ ಲೆಕ್ಕದ ಪುಸ್ತಕದ ಲಾಭ ಏರುತ್ತಿದ್ದರೂ ನಿಜವಾದ ಲಾಭ ಸವೆಯುತ್ತದೆ. ಯಾಕೆಂದರೆ ಸವಕಳಿಯನ್ನು ಲೆಕ್ಕ ಹಾಕುವುದು ಯಂತ್ರದ ಹಳೆಯ ಬೆಲೆಯ ಮೇಲೆ, ಹೊಸ ಯಂತ್ರ ಕೊಳ್ಳಬೇಕಾದದ್ದು ಇಂದಿನ ಬೆಲೆಗೆ.

ಇದರ ಜೊತೆಗೆ ಬಡ್ಡಿಯ ಪೆಟ್ಟು ಇದೆ. ಹಣದುಬ್ಬರ ಮಿತಿ ಮೀರಿದಾಗ ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತದೆ. ಸುರಕ್ಷಿತ ಸಾಲಪತ್ರವೇ ಹೆಚ್ಚು ಕೊಡುವಾಗ ಮುಂದೆಂದೋ ಬರುವ ಲಾಭಕ್ಕಾಗಿ ಇಂದು ಹೆಚ್ಚಿನ ಬೆಲೆ ಕೊಡಲು ಯಾರೂ ಸಿದ್ಧರಿರುವುದಿಲ್ಲ. ಷೇರುಗಳ ಬೆಲೆ ಇಳಿಯುತ್ತದೆ. ಹೀಗಾಗಿ ದೀರ್ಘಾವಧಿಯಲ್ಲಿ ಹಣದುಬ್ಬರವನ್ನು ಮೀರುವ ಷೇರುಗಳೇ ಹಣದುಬ್ಬರ ತೀವ್ರವಾಗಿರುವ ವರ್ಷಗಳಲ್ಲಿ ಹೂಡಿಕೆದಾರನ ಕೈಬಿಡುವ ಸಂಭವ ಹೆಚ್ಚು. ಅಂದರೆ ಅಕ್ಕಿ, ಔಷಧಿ, ಶಾಲಾ ಶುಲ್ಕ ತುಟ್ಟಿಯಾಗಿ ಕುಟುಂಬಕ್ಕೆ ಹಣ ಬೇಕಾದ ಹೊತ್ತಿಗೇ ಷೇರು ಮಾರಿದರೆ ನಷ್ಟ. ಕಾಯಬಲ್ಲವನಿಗೆ ಮಾತ್ರ ಪೇಟೆ ಒಲಿಯುತ್ತದೆ ಎಂಬ ಮಾತು ಹೇಳಲು ಸುಲಭ. ಬೇರೆ ಆದಾಯವಿಲ್ಲದವನು, ಹೊಲ ಕಳೆದುಕೊಂಡವನು ಕಾಯುವುದಾದರೂ ಹೇಗೆ?

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಹಣದುಬ್ಬರವನ್ನು ಅಳೆಯುವ ಸೂಚ್ಯಂಕ ದೇಶದ ಸರಾಸರಿಯದು. ಮಾಗಡಿಯ ಬಯಲಿನ ಮನೆಗೆ ಹೆಚ್ಚು ಅರ್ಥವಾಗುವ ಅಳತೆಗೋಲು ರಾಗಿ. ಷೇರುಪೇಟೆಯನ್ನು ಒಮ್ಮೆ ರಾಗಿಯಲ್ಲಿ ಅಳೆದು ನೋಡಬಾರದೇಕೆ? ಕೇಂದ್ರ ಸರ್ಕಾರ 2003–04ರಲ್ಲಿ ರಾಗಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 505 ರೂಪಾಯಿ. 2023–24ರಲ್ಲಿ ಅದು 3,846. ಸೆನ್ಸೆಕ್ಸಿನ ಅಂಕಿಯನ್ನೇ ರೂಪಾಯಿ ಎಂದು ಭಾವಿಸಿದರೆ 2004ರ ಮಾರ್ಚ್‌ನಲ್ಲಿ ಒಂದು ಸೆನ್ಸೆಕ್ಸ್‌ಗೆ ಹನ್ನೊಂದು ಕ್ವಿಂಟಲ್ ರಾಗಿ. ಇಪ್ಪತ್ತು ವರ್ಷಗಳ ನಂತರ ಹತ್ತೊಂಬತ್ತು ಕ್ವಿಂಟಲ್. ರೂಪಾಯಿಯಲ್ಲಿ ಹದಿಮೂರು ಪಟ್ಟು ಬೆಳೆದ ಪೇಟೆ ರಾಗಿಯಲ್ಲಿ ಎರಡು ಪಟ್ಟೂ ಬೆಳೆದಿಲ್ಲ.

ಈ ಲೆಕ್ಕಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡಬಾರದು. ಬೆಂಬಲ ಬೆಲೆ ಸರ್ಕಾರ ಘೋಷಿಸಿದ್ದು, ರೈತನಿಗೆ ಪ್ರತಿ ವರ್ಷವೂ ದಕ್ಕಿದ್ದಲ್ಲ. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಎಂಬ ಸೂತ್ರ ಬಂದಾಗ 2018ರ ಒಂದೇ ವರ್ಷದಲ್ಲಿ ಅದು 1,900ರಿಂದ 2,897ಕ್ಕೆ ಜಿಗಿದಿತ್ತು. ರಾಗಿಯನ್ನು ಬಹುಕಾಲ ಕಡೆಗಣಿಸಿದ್ದ ಧಾನ್ಯ ಎಂಬುದೂ ಇದಕ್ಕೊಂದು ಕಾರಣ. ಆದರೂ ಈ ಅಳತೆ ಒಂದು ಸತ್ಯವನ್ನು ತೋರಿಸುತ್ತದೆ. ನಿಮ್ಮ ಹಣದುಬ್ಬರ ಎಂದರೆ ನೀವು ಕೊಳ್ಳುವ ವಸ್ತುಗಳ ಬೆಲೆ ಏರಿಕೆ. ಸರಾಸರಿಯದಲ್ಲ. ವರ್ಷ ವರ್ಷ ರಾಗಿ ಬೆಳೆಯುತ್ತಿದ್ದ ಕುಟುಂಬ ಅದನ್ನು ಕೊಳ್ಳಲು ಆರಂಭಿಸಿದ ದಿನದಿಂದ ಅದರ ಹಣದುಬ್ಬರವೇ ಬೇರೆಯಾಗುತ್ತದೆ. ಹಸು ಮಾರಿದ ಮನೆಗೆ ನಂದಿನಿ ಹಾಲಿನ ಬೆಲೆ 2023ರ ಆಗಸ್ಟ್‌ನಲ್ಲಿ ಲೀಟರಿಗೆ ಮೂರು ರೂಪಾಯಿ, 2025ರ ಏಪ್ರಿಲ್‌ನಲ್ಲಿ ನಾಲ್ಕು ರೂಪಾಯಿ ಏರಿದ್ದು ಖರ್ಚು. ಹಸು ಉಳಿಸಿಕೊಂಡ ಮನೆಗೆ ಅದರಲ್ಲಿ ಒಂದಿಷ್ಟಾದರೂ ಆದಾಯ. ಭೂಮಿಯು ರೈತನಿಗೆ ಸಂಪತ್ತು ಮಾತ್ರವಾಗಿರಲಿಲ್ಲ, ಬೆಲೆ ಏರಿಕೆಯ ವಿರುದ್ಧದ ವಿಮೆಯೂ ಆಗಿತ್ತು. ಪರಿಹಾರದ ಚೆಕ್ಕು ಸಂಪತ್ತಿಗೆ ಬೆಲೆ ಕಟ್ಟುತ್ತದೆ, ವಿಮೆಗೆ ಕಟ್ಟುವುದಿಲ್ಲ.

ಹಾಗಾದರೆ ಚಿನ್ನ? 2004ರ ಮಾರ್ಚ್‌ನಲ್ಲಿ ಹತ್ತು ಗ್ರಾಂಗೆ ಆರು ಸಾವಿರದ ಆಸುಪಾಸಿನಲ್ಲಿದ್ದ ಚಿನ್ನ 2024ರ ಮಾರ್ಚ್‌ನಲ್ಲಿ ಅರವತ್ತಾರು ಸಾವಿರದ ಸುತ್ತ ಇತ್ತು. ಹನ್ನೊಂದು ಪಟ್ಟು. ಲಾಭಾಂಶ ಬಿಟ್ಟು ನೋಡಿದರೆ ಈ ಇಪ್ಪತ್ತು ವರ್ಷಗಳಲ್ಲಿ ಅಜ್ಜಿಯ ಸರ ಷೇರುಪೇಟೆಗಿಂತ ಬಹಳ ಹಿಂದೆ ಬಿದ್ದಿಲ್ಲ. 2025ರಲ್ಲಿ ಅದು ಲಕ್ಷವನ್ನೂ ದಾಟಿತು. ಆದರೆ ಚಿನ್ನ ದುಡಿಯುವುದಿಲ್ಲ. ಅದರ ಬೆಲೆ ಡಾಲರ್, ಯುದ್ಧ ಮತ್ತು ಭಯಗಳ ಮೇಲೆ ನಿಂತಿದೆ. ಇನ್ನು ನಿವೇಶನ. ಬಿಡದಿಯಲ್ಲಿ ಅಂದು ಕೊಂಡಿದ್ದರೆ ಎಂಬ ಮಾತು ಪ್ರತಿ ಮಧ್ಯಮವರ್ಗದ ಮನೆಯಲ್ಲೂ ಕೇಳಿಬರುತ್ತದೆ. ಆ ಮಾತಿನಲ್ಲಿ ಗೆದ್ದ ನಿವೇಶನಗಳ ಲೆಕ್ಕ ಮಾತ್ರ ಇರುತ್ತದೆ. ದಾಖಲೆ ಸರಿಯಿಲ್ಲದ, ಮೊಕದ್ದಮೆಯಲ್ಲಿ ಸಿಕ್ಕ, ಕೊಳ್ಳುವವರಿಲ್ಲದ ನಿವೇಶನಗಳಿಗೆ ಸೂಚ್ಯಂಕವೇ ಇಲ್ಲ. ಷೇರುಪೇಟೆಯಲ್ಲಿಯೂ ಇದೇ ಭ್ರಮೆ ಇದೆ. ಅಂಬಾಸಿಡರ್ ಕಾರಿನ ಹಿಂದುಸ್ತಾನ್ ಮೋಟರ್ಸ್, ಪದ್ಮಿನಿ ಕಾರಿನ ಪ್ರೀಮಿಯರ್ ಆಟೊಮೊಬೈಲ್ಸ್ ಒಂದು ಕಾಲದಲ್ಲಿ ಸೆನ್ಸೆಕ್ಸಿನ ಮೂವತ್ತು ಕಂಪನಿಗಳ ಪಟ್ಟಿಯಲ್ಲಿದ್ದವು. ಸೋತವರನ್ನು ಹೊರಗಿಟ್ಟು ಗೆದ್ದವರನ್ನು ಸೇರಿಸಿಕೊಳ್ಳುತ್ತಾ ಸೂಚ್ಯಂಕ ಮೇಲೇರಿತು. ಬಿಡಿ ಷೇರನ್ನು ಹಿಡಿದು ಕುಳಿತವನಿಗೆ ಆ ಸೌಲಭ್ಯವಿಲ್ಲ. ಇನ್ನು ಕಣ್ಣೆದುರಿನ ಬೆಳವಣಿಗೆಯಲ್ಲಿ ಪಾಲು ಪಡೆಯೋಣವೆಂದರೆ, 1999ರ ಕೊನೆಯಲ್ಲಿ ಬಿಡದಿಯಲ್ಲಿ ಕಾರು ತಯಾರಿಕೆ ಆರಂಭಿಸಿದ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾದದ್ದೇ ಅಲ್ಲ. ನೆಲ ಕೊಟ್ಟ ಊರಿನವರಿಗೆ ಅದರ ಒಂದು ಷೇರೂ ಪೇಟೆಯಲ್ಲಿ ಸಿಗದು.

ಈ ಎಲ್ಲದರ ಮೇಲೆ ತೆರಿಗೆಯ ಅನ್ಯಾಯ ಒಂದಿದೆ. 2004ರ ಅಕ್ಟೋಬರ್‌ನಿಂದ 2018ರ ಮಾರ್ಚ್‌ವರೆಗೆ ಷೇರುಗಳ ದೀರ್ಘಾವಧಿ ಲಾಭಕ್ಕೆ ತೆರಿಗೆ ಇರಲಿಲ್ಲ. 2018ರಲ್ಲಿ ಒಂದು ಲಕ್ಷ ಮೀರಿದ ಲಾಭಕ್ಕೆ ಶೇ 10, 2024ರಲ್ಲಿ ಒಂದೂಕಾಲು ಲಕ್ಷ ಮೀರಿದ್ದಕ್ಕೆ ಶೇ 12.5 ವಿಧಿಸಲಾಯಿತು. ಹಣದುಬ್ಬರವನ್ನು ಕಳೆದು ಲಾಭ ಲೆಕ್ಕ ಹಾಕುವ ಅವಕಾಶ ಇಲ್ಲಿಲ್ಲ. ಇದರ ಪರಿಣಾಮವನ್ನು ಗಮನಿಸಿ. ಹತ್ತು ಲಕ್ಷದ ಹೂಡಿಕೆ ಇಪ್ಪತ್ತು ವರ್ಷಗಳಲ್ಲಿ ಕೇವಲ ಹಣದುಬ್ಬರದಷ್ಟೇ ಬೆಳೆದು 32 ಲಕ್ಷವಾಯಿತೆನ್ನಿ. ನಿಜವಾದ ಲಾಭ ಶೂನ್ಯ. ಆದರೂ 22 ಲಕ್ಷದ ಲಾಭ ಬಂದಿದೆ ಎಂದು ಸರ್ಕಾರ ಸುಮಾರು ಎರಡು ಲಕ್ಷ ಅರವತ್ತು ಸಾವಿರ ರೂಪಾಯಿ ತೆರಿಗೆ ಕೇಳುತ್ತದೆ. ಇದು ಲಾಭದ ಮೇಲಿನ ತೆರಿಗೆಯಲ್ಲ, ಅಸಲಿನ ಮೇಲಿನ ತೆರಿಗೆ. ವಿನಾಯಿತಿಯ ಮಿತಿಯನ್ನು 2018ರಿಂದ 2024ರ ನಡುವೆ ಶೇ 25ರಷ್ಟು ಏರಿಸಲಾಯಿತು. ಅದೇ ಅವಧಿಯಲ್ಲಿ ಗ್ರಾಹಕ ಬೆಲೆಗಳು ಸುಮಾರು ಶೇ 40ರಷ್ಟು ಏರಿದ್ದವು. ಹಳೆಯ ಭೂಮಿ ಮತ್ತು ಕಟ್ಟಡಗಳಿಗೆ ಜನರ ಒತ್ತಾಯದ ಮೇಲೆ ಹಣದುಬ್ಬರದ ಹೊಂದಾಣಿಕೆಯ ಆಯ್ಕೆಯನ್ನು ಉಳಿಸಿದ ಸರ್ಕಾರ, ಷೇರುಗಳಲ್ಲಿ ಉಳಿತಾಯ ಮಾಡಿ ಎಂದು ಜನರನ್ನು ಪ್ರೋತ್ಸಾಹಿಸುತ್ತಲೇ ಅವರಿಗೆ ಆ ಹೊಂದಾಣಿಕೆಯನ್ನು ನಿರಾಕರಿಸಿದೆ.

ಷೇರುಪೇಟೆಯಿಂದ ದೂರವಿರಿ ಎಂದು ನಾನು ಹೇಳುತ್ತಿಲ್ಲ. ಮೇಲಿನ ಅಂಕಿಗಳೇ ಹೇಳುವಂತೆ, ಹದಿನೈದು ಇಪ್ಪತ್ತು ವರ್ಷ ಮುಟ್ಟಬೇಕಿಲ್ಲದ ಹಣಕ್ಕೆ ಅದಕ್ಕಿಂತ ಉತ್ತಮ ಆಶ್ರಯ ಸಾಮಾನ್ಯರಿಗೆ ಕಡಿಮೆ. ಆದರೆ ದೊಡ್ಡ ಮೊತ್ತವನ್ನು ಒಂದೇ ದಿನ ಹೂಡುವುದೆಂದರೆ 2008ರ ಜನವರಿಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು. ಮೂರು ನಾಲ್ಕು ವರ್ಷಗಳಿಗೆ ಹಂಚಿ ಹೂಡಿದರೆ ಆ ಅಪಾಯ ತಗ್ಗುತ್ತದೆ. ಐದಾರು ವರ್ಷಗಳ ಸಂಸಾರದ ಖರ್ಚು ಠೇವಣಿಯಲ್ಲಿದ್ದರೆ ಕುಸಿದ ಪೇಟೆಯಲ್ಲಿ ಮಾರುವ ಅನಿವಾರ್ಯ ಬರುವುದಿಲ್ಲ. ನಿರ್ವಹಣಾ ವೆಚ್ಚ ಕಡಿಮೆಯಿರುವ ಸೂಚ್ಯಂಕ ನಿಧಿಗಳನ್ನು ಆರಿಸಿಕೊಂಡವನಿಗೆ ಉಳಿಯುವ ಒಂದು ಅಂಶ, ನೈಜ ಪ್ರತಿಫಲದ ಮಟ್ಟಿಗೆ, ಆರನೇ ಅಥವಾ ಐದನೇ ಒಂದು ಭಾಗಕ್ಕೆ ಸಮ. ಇವು ಯಾವುವೂ ಗುಟ್ಟಿನ ಸಂಗತಿಗಳಲ್ಲ. ಹೇಳಬೇಕಾದವರು ಹೇಳುತ್ತಿಲ್ಲ, ಅಷ್ಟೆ.

ಸರ್ಕಾರ ಮಾಡಬಹುದಾದದ್ದೂ ಬಹಳವಿದೆ. ಮ್ಯೂಚುವಲ್ ಫಂಡುಗಳ ಜಾಹೀರಾತಿನಲ್ಲಿ ಮಾರುಕಟ್ಟೆಯ ಅಪಾಯದ ಎಚ್ಚರಿಕೆ ಕಡ್ಡಾಯವಾಗಿದೆ, ಆ ವಾಕ್ಯದಲ್ಲಿ ಹಣದುಬ್ಬರದ ಸುಳಿವಿಲ್ಲ. ಹಿಂದಿನ ಪ್ರತಿಫಲವನ್ನು ತೋರಿಸುವಾಗ ಹಣದುಬ್ಬರ ಕಳೆದ ಅಂಕಿಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕೆಂದು ಸೆಬಿ ನಿಯಮ ಮಾಡಿದರೆ ಖಜಾನೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ರಿಸರ್ವ್ ಬ್ಯಾಂಕು 2013ರ ಡಿಸೆಂಬರ್‌ನಲ್ಲಿ ಸಣ್ಣ ಉಳಿತಾಯಗಾರರಿಗಾಗಿ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಜೋಡಿಸಿದ ಸಾಲಪತ್ರವನ್ನು ತಂದಿತ್ತು. ಹಣದುಬ್ಬರದ ಮೇಲೆ ಶೇ 1.5ರಷ್ಟು ಬಡ್ಡಿ. ಜನರ ಪ್ರತಿಕ್ರಿಯೆ ತಣ್ಣಗಿತ್ತು, ಯೋಜನೆ ಮುಂದುವರಿಯಲಿಲ್ಲ. ಅದನ್ನು ಸರಳಗೊಳಿಸಿ, ಅಂಚೆ ಕಚೇರಿಗಳ ಮೂಲಕ ಮತ್ತೆ ತರಬೇಕು. ಷೇರಿನ ಏರಿಳಿತವನ್ನು ತಾಳಲಾರದವರಿಗೆ ಅಸಲಿನ ಕೊಳ್ಳುವ ಶಕ್ತಿಯನ್ನಾದರೂ ಕಾಯ್ದುಕೊಳ್ಳುವ ಹಕ್ಕಿರಬೇಡವೇ?

ಭೂಮಿ ಕಳೆದುಕೊಳ್ಳುವವರ ಮಟ್ಟಿಗಂತೂ ದಾರಿ ಕಾನೂನಿನಲ್ಲಿಯೇ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿ ಸಂತ್ರಸ್ತ ಕುಟುಂಬಕ್ಕೆ ಮೂರು ಆಯ್ಕೆಗಳನ್ನು ಹೇಳುತ್ತದೆ: ಒಂದು ಉದ್ಯೋಗ, ಇಲ್ಲವೇ ಒಂದೇ ಬಾರಿಗೆ ಐದು ಲಕ್ಷ ರೂಪಾಯಿ, ಇಲ್ಲವೇ ತಿಂಗಳಿಗೆ ಕನಿಷ್ಠ ಎರಡು ಸಾವಿರದಂತೆ ಇಪ್ಪತ್ತು ವರ್ಷಗಳ ವರ್ಷಾಶನ. ಈ ಮೂರನೆಯದನ್ನು ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಏರಿಸಬೇಕೆಂದು ಕಾಯ್ದೆಯೇ ಹೇಳಿದೆ. ಕಾನೂನು ರೂಪಿಸಿದವರಿಗೆ ಹಣದುಬ್ಬರದ ಅರಿವಿತ್ತು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಕಾಯ್ದೆಯ ಐದು ಲಕ್ಷದ ಮೊತ್ತಕ್ಕೆ ಅಂತಹ ಜೋಡಣೆಯಿಲ್ಲ. ಕಾಯ್ದೆ ಜಾರಿಗೆ ಬಂದ 2014ರ ಐದು ಲಕ್ಷ ಹತ್ತು ವರ್ಷಗಳಲ್ಲಿ ಮೂರು ಲಕ್ಷದಷ್ಟು ಬೆಲೆಗೆ ಇಳಿದಿದೆ. ಎರಡು ಸಾವಿರದ ವರ್ಷಾಶನ ತೀರಾ ಅಲ್ಪ, ನಿಜ. ಆದರೆ ಅದರ ಹಿಂದಿನ ತತ್ವ ಸರಿಯಾದದ್ದು. ಪರಿಹಾರದ ಒಂದು ಭಾಗವನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಿದ ಮಾಸಿಕ ಆದಾಯವಾಗಿ, ಇನ್ನೊಂದು ಭಾಗವನ್ನು ಅಭಿವೃದ್ಧಿಪಡಿಸಿದ ಭೂಮಿಯ ಪಾಲಾಗಿ, ಉಳಿದದ್ದನ್ನು ನಗದಾಗಿ ಕೊಡುವ ಕ್ರಮ ಬಂದರೆ ಕುಟುಂಬಕ್ಕೆ ಕಾಯುವ ಶಕ್ತಿ ಬರುತ್ತದೆ. ಕಾಯುವ ಶಕ್ತಿ ಬಂದ ಮೇಲೆ ಷೇರುಪೇಟೆಯ ಸಲಹೆಗೂ ಅರ್ಥ ಬರುತ್ತದೆ.

ದಶಪಥ ರಸ್ತೆಗೆ ನೆಲ ಕೊಟ್ಟ ಚನ್ನಪಟ್ಟಣದ ಕುಟುಂಬವಾಗಲಿ, ಉಪನಗರದ ನಕ್ಷೆಯೊಳಗೆ ಸಿಕ್ಕ ಬಿಡದಿಯ ಕುಟುಂಬವಾಗಲಿ, ಕನಕಪುರದ ನಿವೃತ್ತ ನೌಕರನಾಗಲಿ, ಹೂಡಿಕೆಯ ಯಾವುದೇ ಕೋಷ್ಟಕವನ್ನು ಮುಂದಿಟ್ಟವರನ್ನು ಕೇಳಬೇಕಾದದ್ದು ಒಂದೇ: ಇಷ್ಟು ವರ್ಷಗಳ ನಂತರ ಈ ಹಣಕ್ಕೆ ಎಷ್ಟು ಕ್ವಿಂಟಲ್ ರಾಗಿ ಬರುತ್ತದೆ? ಈ ಪ್ರಶ್ನೆಗೆ ಉತ್ತರಿಸದೆ ಪರಿಹಾರದ ಮೊತ್ತವನ್ನು ಘೋಷಿಸುವ ಸರ್ಕಾರವೂ, ಪ್ರತಿಫಲದ ಭರವಸೆ ಕೊಡುವ ಸಲಹೆಗಾರನೂ ಹೇಳುತ್ತಿರುವುದು ಅರ್ಧ ಲೆಕ್ಕವನ್ನು ಮಾತ್ರ.